ಸಿಕ್ಲಿಡ್ ಮೀನುಗಳು: ಒಂದೇ ತೊಟ್ಟಿಯಲ್ಲಿ ಯಾರ ಜೊತೆ ಯಾರು?

ಅಲಂಕಾರಿಕ ಮೀನಿನ ಅಂಗಡಿಗೆ ಹೋದಾಗ ನಾವು ಸಾಮಾನ್ಯವಾಗಿ ಬಣ್ಣ ನೋಡಿ ಮೀನನ್ನು ಆರಿಸುತ್ತೇವೆ. ಹಳದಿಯದೊಂದು, ಕಪ್ಪು ಪಟ್ಟೆಯದೊಂದು, ತ್ರಿಕೋನಾಕಾರದ ಏಂಜಲ್ ಮೀನು ಒಂದು, ಮುದ್ದಾದ ಆಸ್ಕರ್ ಮರಿ ಒಂದು. ಎಲ್ಲವೂ ಬೆರಳುದ್ದ, ಮೊದಲ ವಾರ ಎಲ್ಲವೂ ಸಾಧು. ಕೆಲವು ತಿಂಗಳು ಕಳೆಯುವಷ್ಟರಲ್ಲಿ ಒಂದರ ರೆಕ್ಕೆ ಹರಿದಿರುತ್ತದೆ, ಇನ್ನೊಂದು ಮೂಲೆ ಸೇರಿ ಆಹಾರ ಬಿಟ್ಟಿರುತ್ತದೆ, ಮತ್ತೊಂದು ಕಾಣೆಯಾಗಿರುತ್ತದೆ. ರೋಗ ಬಂದಿರಬೇಕೆಂದು ಔಷಧ ತಂದು ಹಾಕುತ್ತೇವೆ. ಆದರೆ ಬಹಳಷ್ಟು ಸಲ ತೊಂದರೆಯ ಮೂಲ ಇರುವುದು ಜೊತೆಗಾರರ ಆಯ್ಕೆಯಲ್ಲಿ.

ಮೇಲೆ ಹೇಳಿದ ನಾಲ್ಕೂ ಒಂದೇ ಕುಟುಂಬದವು. ಆ ಕುಟುಂಬವೇ ಸಿಕ್ಲಿಡೇ. ಹಾಗೆಂದು ಅವು ಒಂದೇ ತೊಟ್ಟಿಯಲ್ಲಿ ಹೊಂದಿಕೊಂಡು ಬಾಳುತ್ತವೆ ಎನ್ನುವಂತಿಲ್ಲ. ಹೊಂದಾಣಿಕೆಯನ್ನು ಮೊದಲೇ ಅಂದಾಜು ಮಾಡಲು ಮೂರು ಪ್ರಶ್ನೆಗಳು ಸಾಕು: ಮೀನು ಯಾವ ನೀರಿನದು? ಏನನ್ನು ತಿನ್ನುತ್ತದೆ? ಯಾವುದಕ್ಕಾಗಿ ಜಗಳವಾಡುತ್ತದೆ?

ಸಿಕ್ಲಿಡ್ ಎಂದರೆ ಯಾವುದು?

ಆಫ್ರಿಕ, ದಕ್ಷಿಣ ಮತ್ತು ಮಧ್ಯ ಅಮೆರಿಕ, ಮಡಗಾಸ್ಕರ್, ಪಶ್ಚಿಮ ಏಷ್ಯದ ಕೆಲಭಾಗ, ದಕ್ಷಿಣ ಭಾರತ ಮತ್ತು ಶ್ರೀಲಂಕಾಗಳಲ್ಲಿ ಸಿಕ್ಲಿಡ್‌ಗಳು ಸಹಜವಾಗಿ ಕಂಡುಬರುತ್ತವೆ. ಈವರೆಗೆ ವಿವರಿಸಲಾದ ಪ್ರಭೇದಗಳೇ 1,700ಕ್ಕೂ ಹೆಚ್ಚು. ಮಾರುಕಟ್ಟೆಯಲ್ಲಿ ಜಿಲೇಬಿ ಎಂಬ ಹೆಸರಿನಲ್ಲಿ ಸಿಗುವ ತಿಲಾಪಿಯ ಕೂಡ ಸಿಕ್ಲಿಡ್. ಹೆಚ್ಚಿನ ಮೀನುಗಳಿಗೆ ಮೂತಿಯ ಪ್ರತಿ ಪಕ್ಕದಲ್ಲಿ ಎರಡೆರಡು ಮೂಗಿನ ರಂಧ್ರಗಳಿದ್ದರೆ, ಸಿಕ್ಲಿಡ್‌ಗಳಿಗೆ ಒಂದೊಂದೇ. ಬಾಯಿಯ ದವಡೆಯ ಜೊತೆಗೆ ಗಂಟಲಿನಲ್ಲಿ ಇನ್ನೊಂದು ದವಡೆ ಇದೆ. ಅರೆಯುವ ಕೆಲಸವನ್ನು ಅದು ನೋಡಿಕೊಳ್ಳುವುದರಿಂದ ಮುಂದಿನ ದವಡೆ ಹೆರೆಯಲು, ಹೀರಲು, ಕಚ್ಚಿ ಹಿಡಿಯಲು ಬೇರೆ ಬೇರೆ ಬಗೆಯಲ್ಲಿ ರೂಪುಗೊಂಡಿದೆ.

ಇನ್ನೊಂದು ಮುಖ್ಯ ಲಕ್ಷಣ ಸಂತಾನಪಾಲನೆ. ಸಿಕ್ಲಿಡ್‌ಗಳು ಮೊಟ್ಟೆಯಿಟ್ಟು ಹೊರಟುಹೋಗುವ ಮೀನುಗಳಲ್ಲ. ಮೊಟ್ಟೆ, ಮರಿಗಳನ್ನು ಕಾಯುತ್ತವೆ. ಕಾಯಲು ಜಾಗ ಬೇಕು, ಜಾಗ ಉಳಿಸಿಕೊಳ್ಳಲು ಹೋರಾಡಬೇಕು. ನಾವು 'ಜಗಳಗಂಟ ಮೀನು' ಎಂದು ದೂರುವ ಗುಣವೂ 'ಒಳ್ಳೆಯ ತಾಯಿತಂದೆ' ಎಂದು ಮೆಚ್ಚುವ ಗುಣವೂ ಒಂದೇ ಬೇರಿನಿಂದ ಬಂದವು.

ಯಾವ ನೀರು?

ಪೂರ್ವ ಆಫ್ರಿಕದ ಮಲಾವಿ ಸರೋವರದ ನೀರು ಕ್ಷಾರೀಯ. ಪಿಹೆಚ್ ಸುಮಾರು 7.7ರಿಂದ 8.6. ಟ್ಯಾಂಗನ್ಯೀಕ ಸರೋವರದಲ್ಲಿ ಅದು 9ರ ಆಸುಪಾಸು. ಇದಕ್ಕೆ ತದ್ವಿರುದ್ಧವಾಗಿ, ಅಮೆಜಾನ್‌ನ ಉಪನದಿಯಾದ ರಿಯೊ ನೀಗ್ರೊದಂಥ ಕಪ್ಪು ನೀರಿನ ಹೊಳೆಗಳಲ್ಲಿ ಪಿಹೆಚ್ 5ಕ್ಕೂ ಕೆಳಗೆ ಇಳಿಯುತ್ತದೆ. ಲವಣಾಂಶ ಅತಿ ಕಡಿಮೆ. ಪಿಹೆಚ್ ಲಘುಗಣಕ ಮಾಪನ ಎಂಬುದನ್ನು ನೆನಪಿಡಿ. ಎರಡು ಅಂಕಗಳ ಅಂತರವೆಂದರೆ ಹೈಡ್ರೊಜನ್ ಅಯಾನುಗಳ ಸಾಂದ್ರತೆಯಲ್ಲಿ ನೂರು ಪಟ್ಟು ವ್ಯತ್ಯಾಸ.

ಅಂಗಡಿಯಲ್ಲಿ ಸಿಗುವ ಏಂಜಲ್‌ನಂಥ ಮೀನುಗಳು ತೊಟ್ಟಿಯಲ್ಲೇ ಹುಟ್ಟಿ ಬೆಳೆದವು. ಅವು ತಟಸ್ಥ ನೀರಿಗೆ ಹೊಂದಿಕೊಳ್ಳುತ್ತವೆ, ನಿಜ. ಆದರೂ ಮಲಾವಿಯ ಮೀನನ್ನೂ ಅಮೆಜಾನ್‌ನ ಮೀನನ್ನೂ ಕೂಡಿಸಿದರೆ ಇಬ್ಬರಿಗೂ ಅರೆಬರೆ ಹಿತವಾದ ನೀರೇ ಸಿಗುತ್ತದೆ.

ನಿಮ್ಮ ಊರಿನ ನೀರು ಎಂಥದು ಎಂಬುದರಿಂದಲೇ ಆಯ್ಕೆಯನ್ನು ಆರಂಭಿಸಿ. ಬಯಲುಸೀಮೆಯ ಅನೇಕ ಕಡೆ ಕೊಳವೆಬಾವಿಯ ನೀರು ಗಡಸು. ಸಾಬೂನಿನ ನೊರೆ ಸುಲಭವಾಗಿ ಏಳುವುದಿಲ್ಲ. ಇದು ಆಫ್ರಿಕದ ಸರೋವರಗಳ ಸಿಕ್ಲಿಡ್‌ಗಳಿಗೆ ಒಗ್ಗೀತು. ಮಲೆನಾಡಿನಲ್ಲಿ ಸಾಮಾನ್ಯವಾಗಿ ಸಿಗುವ ಮೆದು ನೀರು ದಕ್ಷಿಣ ಅಮೆರಿಕದವಕ್ಕೆ ಹಿತ.

ಕ್ಷಾರೀಯ ನೀರಿನಲ್ಲಿ ಮೀನು ಸಾಕುವವರು ಅಮೋನಿಯದ ಬಗ್ಗೆ ಎಚ್ಚರದಿಂದಿರಬೇಕು. ಮೀನು ವಿಸರ್ಜಿಸುವ ಅಮೋನಿಯ ನೀರಿನಲ್ಲಿ ಎರಡು ರೂಪಗಳಲ್ಲಿರುತ್ತದೆ: ಅಷ್ಟಾಗಿ ಅಪಾಯವಿಲ್ಲದ ಅಮೋನಿಯಂ ಅಯಾನು ಮತ್ತು ವಿಷಕಾರಿಯಾದ ಸ್ವತಂತ್ರ ಅಮೋನಿಯ. 25° ಸೆಲ್ಸಿಯಸ್‌ನಲ್ಲಿ ಪಿಹೆಚ್ 7 ಇದ್ದಾಗ ಒಟ್ಟು ಅಮೋನಿಯದ ಸುಮಾರು ಶೇ. 0.6 ಭಾಗ ಮಾತ್ರ ವಿಷಕಾರಿ ರೂಪದಲ್ಲಿರುತ್ತದೆ. ಪಿಹೆಚ್ 8ರಲ್ಲಿ ಇದು ಸುಮಾರು ಶೇ. 5, 9ರಲ್ಲಿ ಸುಮಾರು ಶೇ. 36! ಅಷ್ಟೇ ಕೊಳೆ, ಆದರೆ ಹತ್ತಾರು ಪಟ್ಟು ವಿಷ. ಅಮೋನಿಯವನ್ನು ನೈಟ್ರೈಟ್ ಆಗಿ, ನೈಟ್ರೈಟನ್ನು ನೈಟ್ರೇಟ್ ಆಗಿ ಬದಲಿಸುವ ಬ್ಯಾಕ್ಟೀರಿಯಗಳು ಫಿಲ್ಟರ್‌ನಲ್ಲಿ ನೆಲೆಗೊಳ್ಳಲು ಹಲವು ವಾರಗಳು ಬೇಕು. ಹೊಸ ತೊಟ್ಟಿಗೆ ಒಮ್ಮೆಲೇ ಹತ್ತು ಮೀನು ಬಿಡಬಾರದು ಎನ್ನುವುದು ಇದಕ್ಕೇ.

ಏನನ್ನು ತಿನ್ನುತ್ತದೆ?

ಮಲಾವಿ ಸರೋವರದ ಬಂಡೆಗಳ ನಡುವೆ ಬದುಕುವ ಸಿಕ್ಲಿಡ್‌ಗಳನ್ನು ಅಲ್ಲಿಯವರು 'ಎಂಬೂನಾ' ಎನ್ನುತ್ತಾರೆ. ಇವುಗಳಲ್ಲಿ ಹಲವು ಬಂಡೆಯ ಮೇಲಿನ ಪಾಚಿಯನ್ನು ಹೆರೆದು ತಿನ್ನುತ್ತವೆ; ಅದನ್ನು ಜೀರ್ಣಿಸಿಕೊಳ್ಳಲು ಅವುಗಳ ಕರುಳು ಉದ್ದವಾಗಿದೆ. ಆಸ್ಕರ್ ಹಾಗಲ್ಲ, ಅದಕ್ಕೆ ಕೀಟ, ಸೀಗಡಿ, ಸಣ್ಣ ಮೀನು ಬೇಕು. ಎರಡನ್ನೂ ಕೂಡಿಸಿ ಮಾಂಸಾಹಾರ ಹಾಕಿದರೆ ಪಾಚಿ ತಿನ್ನುವ ಮೀನಿನ ಹೊಟ್ಟೆ ಕೆಡುತ್ತದೆ. ಸಸ್ಯಾಹಾರವನ್ನಷ್ಟೇ ಹಾಕಿದರೆ ಆಸ್ಕರ್ ಸೊರಗುತ್ತದೆ.

ಇದರ ಜೊತೆಗೆ ಗಾತ್ರದ ಮಾತೂ ಇದೆ. ಬಾಯಿಗೆ ಹಿಡಿಸುವುದೆಲ್ಲ ಆಹಾರವೇ ಎಂಬುದು ಮೀನುಗಳ ಲೋಕದ ನಿಯಮ. ಮರಿಯಾಗಿದ್ದಾಗ ನಿಯಾನ್ ಟೆಟ್ರಾಗಳ ಜೊತೆ ಆಡುತ್ತಿದ್ದ ಏಂಜಲ್ ಮೀನು ದೊಡ್ಡದಾದ ಮೇಲೆ ಅವನ್ನೇ ನುಂಗಬಹುದು. ಬೆರಳುದ್ದದ ಆಸ್ಕರ್ ಮರಿ 30 ಸೆಂ.ಮೀ.ಗೂ ಹೆಚ್ಚು ಬೆಳೆಯುತ್ತದೆ. ಮೀನು ಕೊಳ್ಳುವಾಗ ಮರಿಯ ಅಳತೆಯನ್ನು ಲೆಕ್ಕಕ್ಕೆ ಹಿಡಿಯಬೇಡಿ. ಬೆಳೆದ ಮೀನಿನ ಅಳತೆಯನ್ನು ಕೇಳಿ ತಿಳಿಯಿರಿ.

ಯಾವುದಕ್ಕಾಗಿ ಜಗಳ?

ಸಿಕ್ಲಿಡ್ ಗಂಡುಗಳು ಸಾಮಾನ್ಯವಾಗಿ ತಮ್ಮನ್ನೇ ಹೋಲುವ ಗಂಡುಗಳ ಮೇಲೆ ಹೆಚ್ಚು ಎರಗುತ್ತವೆ. ಕಾರಣ ಸ್ಪಷ್ಟ: ಅದೇ ಹೆಣ್ಣಿಗೆ, ಅದೇ ಬಂಡೆಸಂದಿಗೆ ಸ್ಪರ್ಧಿ ಅವನೇ. ಒಂದು ಒರೆಯಲ್ಲಿ ಎರಡು ಕತ್ತಿ ಇರಲಾರವು ಎಂಬ ಮಾತು ಇಲ್ಲಿಗೆ ಚೆನ್ನಾಗಿ ಒಪ್ಪುತ್ತದೆ. ಆದ್ದರಿಂದ ಬಣ್ಣ, ಪಟ್ಟೆ, ಆಕಾರಗಳಲ್ಲಿ ಪರಸ್ಪರ ಭಿನ್ನವಾದ ಪ್ರಭೇದಗಳನ್ನು ಆರಿಸಬೇಕು. ಹತ್ತಿರದ ಸಂಬಂಧಿಗಳನ್ನು ಕೂಡಿಸಿದರೆ ಜಗಳದ ಜೊತೆ ಮಿಶ್ರತಳಿ ಹುಟ್ಟುವ ಸಾಧ್ಯತೆಯೂ ಇರುತ್ತದೆ.

ಜಗಳದ ಬಗೆ ಸಂತಾನಪಾಲನೆಯ ವಿಧಾನವನ್ನು ಅವಲಂಬಿಸಿದೆ. ಎಂಬೂನಾಗಳಲ್ಲಿ ಹೆಣ್ಣು ಮೊಟ್ಟೆಗಳನ್ನು ಬಾಯಿಯಲ್ಲಿಟ್ಟುಕೊಂಡು ಸುಮಾರು ಮೂರು ವಾರ ಕಾಯುತ್ತದೆ. ಗಂಡು ಮಾತ್ರ ಸದಾ ಹೆಣ್ಣನ್ನು ಅಟ್ಟುತ್ತಲೇ ಇರುತ್ತದೆ. ಒಂದು ಗಂಡಿಗೆ ಮೂರು-ನಾಲ್ಕು ಹೆಣ್ಣುಗಳಿದ್ದರೆ ಈ ಕಾಟ ಹಂಚಿಹೋಗುತ್ತದೆ. ಮಧ್ಯ ಅಮೆರಿಕದ ಕಪ್ಪು ಪಟ್ಟೆಯ ಕಾನ್ವಿಕ್ಟ್ ಮೀನು ಜೋಡಿ ಕಟ್ಟುತ್ತದೆ. ಮೊಟ್ಟೆಯಿಟ್ಟ ಮೇಲೆ ಜೋಡಿ ಸೇರಿ ತಮಗಿಂತ ದೊಡ್ಡ ಮೀನನ್ನೂ ಹೊಡೆದೋಡಿಸುತ್ತದೆ. ಚಿಕ್ಕ ತೊಟ್ಟಿಯಲ್ಲಿ ಓಡಿಹೋಗಲು ಜಾಗವೆಲ್ಲಿ? ಸರೋವರದಲ್ಲಿ ಸೋತ ಮೀನು ದೂರ ಈಜಿಹೋಗುತ್ತದೆ. ತೊಟ್ಟಿಯಲ್ಲಿ ಅದು ಗಾಜಿಗೆ ತಾಗಿ ನಿಂತು ಮತ್ತೆ ಮತ್ತೆ ಏಟು ತಿನ್ನುತ್ತದೆ.

ಇದಕ್ಕೆ ಉಪಾಯಗಳಿವೆ. ಕಲ್ಲುಗಳನ್ನು ಭದ್ರವಾಗಿ ಜೋಡಿಸಿ ಅಡಗುದಾಣಗಳನ್ನು ಮಾಡಿ. ಒಂದರಿಂದ ಇನ್ನೊಂದು ಕಾಣದಂತಿರಲಿ. ಸೌಮ್ಯ ಮೀನುಗಳನ್ನು ಮೊದಲು, ಜೋರಿನವನ್ನು ಕೊನೆಗೆ ಬಿಡಿ. ಹೊಸ ಮೀನು ಬಿಡುವ ಮುನ್ನ ಕಲ್ಲುಗಳ ಸ್ಥಾನ ಬದಲಿಸಿದರೆ ಹಳೆಯ ಗಡಿಗಳು ಅಳಿಸಿ, ಎಲ್ಲವೂ ಹೊಸದಾಗಿ ಜಾಗ ಹುಡುಕಬೇಕಾಗುತ್ತದೆ.

ಕೆಲವು ಹೊಂದಾಣಿಕೆಗಳು

120 ಸೆಂ.ಮೀ. ಉದ್ದ, 45 ಸೆಂ.ಮೀ. ಅಗಲ, 45 ಸೆಂ.ಮೀ. ಎತ್ತರದ ತೊಟ್ಟಿ ನಿಮ್ಮಲ್ಲಿದೆ ಎನ್ನೋಣ. ಗುಣಿಸಿ 1,000ದಿಂದ ಭಾಗಿಸಿದರೆ 243 ಲೀಟರ್. ಕಲ್ಲು, ಮರಳು ಕಳೆದು ಸುಮಾರು 200 ಲೀಟರ್ ನೀರು ಹಿಡಿಯುತ್ತದೆ.

ಗಡಸು ನೀರಿದ್ದರೆ ಮಲಾವಿಯ ಹಳದಿ ಲ್ಯಾಬಿಡೋಕ್ರೋಮಿಸ್ ಮತ್ತು ತುಕ್ಕುಬಣ್ಣದ ಐಯೊಡೋಟ್ರೋಫಿಯಸ್‌ಗಳ ಗುಂಪು ಒಳ್ಳೆಯದು. ಎರಡೂ ಎಂಬೂನಾಗಳಲ್ಲಿ ಸೌಮ್ಯವಾದವು, ಬಣ್ಣದಲ್ಲಿ ಬೇರೆ ಬೇರೆ. ಅದೇ ಸರೋವರದ, ನೋಡಲು ಸುಂದರವಾದ ಆರಾಟಸ್ ಇವುಗಳ ಜೊತೆಗೆ ಬೇಡ. ಅದು ಅತಿ ಜಗಳಗಂಟ.

ಮೆದು ನೀರಿದ್ದರೆ ಎತ್ತರದ ತೊಟ್ಟಿಯಲ್ಲಿ ಏಂಜಲ್ ಮೀನುಗಳು, ತಳದಲ್ಲಿ ಗಿಡ್ಡ ಜಾತಿಯ ಎಪಿಸ್ಟೋಗ್ರಾಮ ಜೋಡಿ. ಒಂದು ನಡುನೀರಿನಲ್ಲಿ, ಇನ್ನೊಂದು ನೆಲದಲ್ಲಿ ಇರುವುದರಿಂದ ಘರ್ಷಣೆ ಕಡಿಮೆ. ಆಸ್ಕರ್‌ಗಾಗಲಿ, 1990ರ ದಶಕದಲ್ಲಿ ಮಲೇಷ್ಯದಲ್ಲಿ ಸೃಷ್ಟಿಯಾದ ಮಿಶ್ರತಳಿ ಫ್ಲವರ್‌ಹಾರ್ನ್‌ಗಾಗಲಿ ಈ ತೊಟ್ಟಿಗಳಲ್ಲಿ ಜಾಗವಿಲ್ಲ. ಅವಕ್ಕೆ ಪ್ರತ್ಯೇಕವಾದ ದೊಡ್ಡ ತೊಟ್ಟಿಯೇ ಬೇಕು.

ನಮ್ಮದೇ ನಾಡಿನ ಕಿತ್ತಳೆ ಕ್ರೊಮೈಡನ್ನು ಮರೆಯಬೇಡಿ. ಸುಮಾರು 8 ಸೆಂ.ಮೀ.ನ ಈ ಮೀನು ದಕ್ಷಿಣ ಭಾರತ ಮತ್ತು ಶ್ರೀಲಂಕಾದ ಹಿನ್ನೀರುಗಳದು. ತಾಯಿತಂದೆ ಇಬ್ಬರೂ ಮರಿಗಳನ್ನು ಕಾಯುತ್ತವೆ. ಮರಿಗಳು ಅವುಗಳ ಮೈಮೇಲಿನ ಲೋಳೆಯನ್ನು ಮೇಯುತ್ತವೆ. ಅದೇ ಹಿನ್ನೀರಿನ ದೊಡ್ಡ ಸಂಬಂಧಿ, ಕೇರಳದವರ ಕರಿಮೀನ್, ಇದರ ನೆರೆಯವ. ಕಿತ್ತಳೆ ಕ್ರೊಮೈಡ್ ಕರಿಮೀನ್‌ನ ಮೈಮೇಲಿನ ಪರೋಪಜೀವಿಗಳನ್ನು ಹೆಕ್ಕಿ ಶುಚಿ ಮಾಡುತ್ತದೆ. ಸಂದರ್ಭ ಸಿಕ್ಕರೆ ಅದರ ಮೊಟ್ಟೆಗಳನ್ನೂ ತಿನ್ನುತ್ತದೆ! 'ಹೊಂದಾಣಿಕೆ' ಎನ್ನುವುದು ಕಾಲ, ಸಂದರ್ಭಕ್ಕೆ ತಕ್ಕಂತೆ ಬದಲಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಉದಾಹರಣೆ ಬೇಕೆ?

ತೊಟ್ಟಿಯಿಂದ ಕೆರೆಗೆ ಬೇಡ

ಹೊಂದಿಕೆಯಾಗದ ಮೀನನ್ನು ಕೆಲವರು 'ಬದುಕಿಕೊಳ್ಳಲಿ' ಎಂದು ಹತ್ತಿರದ ಕೆರೆಗೆ ಬಿಡುತ್ತಾರೆ. ಕರುಣೆಯಿಂದ ಮಾಡಿದ್ದೇ ಆದರೂ ಇದು ದೊಡ್ಡ ತಪ್ಪು. 1952ರಲ್ಲಿ ಭಾರತಕ್ಕೆ ತಂದ ಆಫ್ರಿಕದ ತಿಲಾಪಿಯ ಇಂದು ದೇಶದ ಅನೇಕ ಕೆರೆ, ಜಲಾಶಯಗಳಲ್ಲಿ ಬೇರೂರಿ ಸ್ಥಳೀಯ ಮೀನುಗಳ ಜೊತೆ ಸ್ಪರ್ಧಿಸುತ್ತಿದೆ. ಮರಿಗಳನ್ನು ಕಾಯುವ ಗುಣವೇ ಅದರ ಗೆಲುವಿಗೆ ನೆರವಾಗಿದೆ. ಇನ್ನೊಂದು ಕಡೆ, ದಕ್ಷಿಣ ಕನ್ನಡದ ನೇತ್ರಾವತಿ-ಕುಮಾರಧಾರಾ ನದಿಗಳಲ್ಲಿ ಬದುಕುವ ಕೆನರಾ ಮುತ್ತುಚುಕ್ಕೆ ಮೀನು ಕರ್ನಾಟಕಕ್ಕೇ ಸೀಮಿತವಾದ ಸಿಕ್ಲಿಡ್. ಇಂದು ಅಪಾಯದ ಅಂಚಿನಲ್ಲಿದೆ. ನದಿಯಿಂದ ಹಿಡಿದ ಇಂಥ ಮೀನನ್ನು ಕೊಳ್ಳಬೇಡಿ. ಹೊರಗಿನ ಮೀನನ್ನು ನದಿಗೆ ಬಿಡಬೇಡಿ. ಬೇಡವಾದ ಮೀನನ್ನು ಅಂಗಡಿಗೆ ಹಿಂತಿರುಗಿಸಿ, ಇಲ್ಲವೇ ತಕ್ಕ ತೊಟ್ಟಿಯಿರುವವರಿಗೆ ಕೊಡಿ.

ತರಗತಿಯಲ್ಲಿ ಮಾಡಿ ನೋಡಿ

ಶಾಲೆಯಲ್ಲಿ ಸಿಕ್ಲಿಡ್ ತೊಟ್ಟಿಯಿದ್ದರೆ ಪ್ರತಿ ಮೀನಿಗೆ ಒಂದು ಸಂಖ್ಯೆ ಕೊಡಿ. ದಿನಾ ಒಂದೇ ಹೊತ್ತಿನಲ್ಲಿ ಹತ್ತು ನಿಮಿಷ, ಯಾವುದು ಯಾವುದನ್ನು ಎಷ್ಟು ಸಲ ಅಟ್ಟಿತು ಎಂದು ಕೋಷ್ಟಕದಲ್ಲಿ ಗುರುತಿಸಿ. ಒಂದು ವಾರದ ನಂತರ ಕಲ್ಲುಗಳ ಜೋಡಣೆಯನ್ನು ಬದಲಿಸಿ ಮತ್ತೆ ಎಣಿಸಿ. ಯಾರ ಗಡಿ ಎಲ್ಲಿದೆ, ಯಾವ ಮೀನಿಗೆ ತಪ್ಪಿಸಿಕೊಳ್ಳಲು ಜಾಗವಿಲ್ಲ ಎಂಬುದು ನಿಮ್ಮ ಅಂಕಿಗಳಲ್ಲೇ ಕಾಣುತ್ತದೆ. ಒಂದೇ ಮೀನು ಸತತವಾಗಿ ಏಟು ತಿನ್ನುತ್ತಿದ್ದರೆ ಪ್ರಯೋಗ ಮುಗಿಯುವವರೆಗೆ ಕಾಯದೆ ಅದನ್ನು ಬೇರೆ ತೊಟ್ಟಿಗೆ ಸಾಗಿಸಿ.