ಸೂಜಿಯಿಲ್ಲದ ಡಿಎನ್‌ಎ ಲಸಿಕೆ: ನಮ್ಮ ವಂಶವಾಹಿ ಬದಲಾಗುತ್ತದೆಯೇ?

ಅಹಮದಾಬಾದ್‌ನ ಝೈಡಸ್ ಕ್ಯಾಡಿಲಾ ತಯಾರಿಸಿದ ಕೊರೊನಾ ಲಸಿಕೆ ಝೈಕೋವ್-ಡಿ, ಮನುಷ್ಯರಿಗೆ ನೀಡಲು ಅನುಮತಿ ಪಡೆದ ವಿಶ್ವದ ಮೊದಲ ಡಿಎನ್‌ಎ ಲಸಿಕೆ. 2021ರ ಆಗಸ್ಟ್ 20ರಂದು ಇದರ ತುರ್ತು ಬಳಕೆಗೆ ಒಪ್ಪಿಗೆ ಸಿಕ್ಕಿತು. ಮಹಾರಾಷ್ಟ್ರದಲ್ಲಿ ಮೊದಲು ಆಯ್ಕೆಯಾದದ್ದು ನಾಸಿಕ್, ಜಳಗಾಂವ್ ಜಿಲ್ಲೆಗಳು. ಠಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬೈ ಕನ್ನಡಿಗರಲ್ಲಿ ಹೆಚ್ಚಿನವರು ಪಡೆದದ್ದು ಕೋವಿಶೀಲ್ಡ್ ಅಥವಾ ಕೋವ್ಯಾಕ್ಸಿನ್.

ಇದರ ಕೆಲಸ ಹೇಗೆ? ಪ್ಲಾಸ್ಮಿಡ್ ಎಂಬ ಡಿಎನ್‌ಎ ಉಂಗುರದಲ್ಲಿ ವೈರಸ್‌ನ ಸ್ಪೈಕ್ ಪ್ರೋಟೀನ್ ತಯಾರಿಸುವ ಸೂಚನೆ ಇರುತ್ತದೆ. ಸೂಜಿಯಿಲ್ಲದ ಸಾಧನ ಅದನ್ನು ಚರ್ಮದೊಳಗೆ ಚಿಮ್ಮಿಸುತ್ತದೆ. ನಮ್ಮ ಜೀವಕೋಶಗಳೇ ಆ ಪ್ರೋಟೀನ್ ತಯಾರಿಸುತ್ತವೆ. ಅದನ್ನು ಗುರುತಿಸಿ ದೇಹ ಪ್ರತಿಕಾಯ ಬೆಳೆಸಿಕೊಳ್ಳುತ್ತದೆ.

ಪ್ಲಾಸ್ಮಿಡ್ ಜೀವಕೋಶದ ಕೇಂದ್ರವನ್ನು ಸೇರಿದರೂ ಸಾಮಾನ್ಯವಾಗಿ ನಮ್ಮ ವರ್ಣತಂತುಗಳೊಂದಿಗೆ ಬೆರೆಯದೆ, ಕ್ರಮೇಣ ನಶಿಸುತ್ತದೆ. ಹೀಗಾಗಿ ವಂಶವಾಹಿ ಬದಲಾಗುವ ಸಾಧ್ಯತೆ ತೀರಾ ಕಡಿಮೆ.