ಕುರ್ಚಿ ಬಿಟ್ಟು ಎದ್ದ ನ್ಯಾಯಮೂರ್ತಿ

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂತೆಂದರೆ ಅಥಣಿಯಿರಲಿ, ನಿಪ್ಪಾಣಿಯಿರಲಿ, ಪಾಲಕರ ಪ್ರಶ್ನೆ ಒಂದೇ: ಡಾಕ್ಟರೋ, ಎಂಜಿನಿಯರೋ? ವಿಜ್ಞಾನ ಕಲಿಸುವ ನನ್ನದೂ ಇದರಲ್ಲಿ ತಪ್ಪಿದೆ. ಮಗ ವಕೀಲನಾಗುತ್ತೇನೆಂದರೆ ಮುಖ ಸಪ್ಪಗೆ ಮಾಡುವವರು ಕೆ.ಎಸ್. ಹೆಗ್ಡೆಯವರ ಬದುಕನ್ನೊಮ್ಮೆ ನೋಡಬೇಕು.

ಕಾರ್ಕಳ ತಾಲ್ಲೂಕಿನ ಕೌಡೂರಿನಲ್ಲಿ 1909ರಲ್ಲಿ ಹುಟ್ಟಿದ ಅವರು ವಕೀಲರಾಗಿ, 1952ರಲ್ಲಿ ರಾಜ್ಯಸಭಾ ಸದಸ್ಯರಾಗಿ, 1957ರಲ್ಲಿ ಮೈಸೂರು ಹೈಕೋರ್ಟಿನ ನ್ಯಾಯಮೂರ್ತಿಯಾದರು. ದಿಲ್ಲಿ ಹೈಕೋರ್ಟಿಗೆ ಮೊದಲ ಮುಖ್ಯ ನ್ಯಾಯಮೂರ್ತಿ ಅವರೇ. 1967ರಲ್ಲಿ ಸುಪ್ರೀಂ ಕೋರ್ಟು ಸೇರಿದರು.

ಅಲ್ಲಿಗೆ ಬಂತು ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತೀ ಸ್ವಾಮಿಗಳ ಮೊಕದ್ದಮೆ. ಸಂಸತ್ತು ಸಂವಿಧಾನವನ್ನು ತಿದ್ದಬಹುದು, ಆದರೆ ಅದರ ಮೂಲ ಸ್ವರೂಪವನ್ನು ಕೆಡಿಸುವಂತಿಲ್ಲ ಎಂದು 1973ರ ಏಪ್ರಿಲ್ 24ರಂದು 13 ನ್ಯಾಯಮೂರ್ತಿಗಳಲ್ಲಿ 7 ಮಂದಿ ತೀರ್ಪಿತ್ತರು. ಆ ಏಳರಲ್ಲಿ ಹೆಗ್ಡೆ ಒಬ್ಬರು. ಮರುದಿನವೇ ಸರಕಾರ ಹಿರಿಯರಾದ ಶೆಲತ್, ಹೆಗ್ಡೆ, ಗ್ರೋವರ್ ಮೂವರನ್ನೂ ದಾಟಿ, ಎ.ಎನ್. ರೇ ಅವರನ್ನು ಮುಖ್ಯ ನ್ಯಾಯಮೂರ್ತಿಯೆಂದು ಪ್ರಕಟಿಸಿತು. ಹಿರಿತನ ನಡೆದಿದ್ದರೆ ಶೆಲತ್ ನಂತರ ಹೆಗ್ಡೆಯವರ ಸರದಿ. ನಿವೃತ್ತಿಗೆ ಇನ್ನೂ ವರ್ಷದ ಮೇಲೆ ಬಾಕಿಯಿತ್ತು. ಸಂಬಳ, ಬಂಗಲೆ ಇಟ್ಟುಕೊಂಡು ಸುಮ್ಮನಿರಬಹುದಿತ್ತು. ನಮ್ಮಲ್ಲಿ ಎಷ್ಟು ಜನ ಹಾಗೆಯೇ ಇರುತ್ತೇವೆ! ಮೂವರೂ ರಾಜೀನಾಮೆ ಕೊಟ್ಟು ಹೊರಬಂದರು.

ಬೆಂಗಳೂರು ದಕ್ಷಿಣದ ಮತದಾರರು 1977ರಲ್ಲಿ ಹೆಗ್ಡೆಯವರನ್ನು ಲೋಕಸಭೆಗೆ ಕಳಿಸಿದರು. ಅದೇ ವರ್ಷ ಸಭಾಧ್ಯಕ್ಷರಾದರು.

ಎಪ್ಪತ್ತರ ಹೊಸ್ತಿಲಲ್ಲಿ, 1979ರಲ್ಲಿ, ಕಾರ್ಕಳದ ಹತ್ತಿರದ ನಿಟ್ಟೆಯಲ್ಲಿ ಶಿಕ್ಷಣ ಟ್ರಸ್ಟ್ ಕಟ್ಟಿದರು. 1990ರಲ್ಲಿ ತೀರಿಕೊಂಡರು. ಮೆಡಿಕಲ್, ಎಂಜಿನಿಯರಿಂಗ್ ಸೀಟು ಹುಡುಕಿಕೊಂಡು ಚಿಕ್ಕೋಡಿ, ರಾಯಬಾಗ, ಕಾಗವಾಡದ ಪಾಲಕರು ಕರಾವಳಿಯತ್ತ ಹೊರಡುತ್ತಾರಲ್ಲ, ಅಲ್ಲಿಯ ದೊಡ್ಡ ಸಂಸ್ಥೆಗಳಲ್ಲೊಂದು ಈ ವಕೀಲರು ಹುಟ್ಟುಹಾಕಿದ್ದು.