ಮರದ ಮೆರುಗು ಕೆಲಸದ ಅವಘಡಗಳು

ಮರದ ಮೆರುಗು ಎಂಬುದು ಮರಗೆಲಸದ ಕೊನೆಯ ಹಂತ. ಕೊಯ್ದು, ಕೀಸಿ, ಜೋಡಿಸಿದ ವಸ್ತುವಿನ ಮೇಲ್ಮೈಯನ್ನು ಉಜ್ಜಿ ನಯಗೊಳಿಸಿ, ಅದಕ್ಕೆ ಅರಗು, ಎಣ್ಣೆ, ವಾರ್ನಿಷ್ ಅಥವಾ ಬಣ್ಣದ ಲೇಪ ಕೊಡುವುದನ್ನು ಹೀಗೆ ಕರೆಯುತ್ತಾರೆ. ರೂಢಿಯ ಮಾತಿನಲ್ಲಿ ಇದು ಪಾಲಿಷ್. ಮನೆಯಲ್ಲೇ ಮಣೆ, ಸ್ಟೂಲು, ದೇವರ ಮಂಟಪ ಮಾಡಿಕೊಳ್ಳುವ ಹವ್ಯಾಸಿಗಳ ಹಲವು ದಿನಗಳ ಶ್ರಮ ಈ ಹಂತದಲ್ಲಿ ಕೆಡುವುದುಂಟು. ಕೆಲವು ಅವಘಡಗಳು ವಸ್ತುವನ್ನಷ್ಟೇ ಅಲ್ಲ, ಮನೆಯನ್ನೂ ಅಪಾಯಕ್ಕೆ ಒಡ್ಡುತ್ತವೆ.

ಗೀರು ಮತ್ತು ಕಲೆ

ಮರದ ಎಳೆಗೆ ಅಡ್ಡಲಾಗಿ ಉಜ್ಜಿದಾಗ ಬೀಳುವ ಸಣ್ಣ ಗೀರುಗಳು ಒಡನೆಯೇ ಕಾಣುವುದಿಲ್ಲ. ಬಣ್ಣ ಹಚ್ಚಿದ ಮೇಲೆ ಎದ್ದು ತೋರುತ್ತವೆ. ಆದುದರಿಂದ ಉಪ್ಪುಕಾಗದವನ್ನು ಎಳೆಯ ಓಟದಲ್ಲಿಯೇ, 80, 120, 180, 220 ಎಂಬ ಕ್ರಮದಲ್ಲಿ ಬಳಸಬೇಕು. ಜೋಡಣೆಯ ಸಂದಿನಿಂದ ಹೊರಬಂದ ಗೋಂದನ್ನು ಒರೆಸದೆ ಬಿಟ್ಟರೆ ಅಲ್ಲಿ ಮರ ಬಣ್ಣವನ್ನು ಹೀರದೆ ಬಿಳಿಚಿದ ಮಚ್ಚೆ ಉಳಿಯುತ್ತದೆ. ಉಜ್ಜುವಾಗ ಏಳುವ ಹುಡಿಯೂ ನಿರಪಾಯಕಾರಿಯಲ್ಲ. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 1995ರಲ್ಲಿ ಮರದ ಹುಡಿಯನ್ನು ಮನುಷ್ಯರಿಗೆ ಕ್ಯಾನ್ಸರ್‌ಕಾರಕವೆಂದು ವರ್ಗೀಕರಿಸಿದೆ.

ತೇವದ ತೊಂದರೆ

ಅರಗು ಒಂದು ಬಗೆಯ ಕೀಟ ಸ್ರವಿಸುವ ರಾಳ. ಅದನ್ನು ಸ್ಪಿರಿಟ್‌ನಲ್ಲಿ ಕರಗಿಸಿ ಬಟ್ಟೆಯ ಉಂಡೆಯಿಂದ ತೆಳುವಾಗಿ ಹಚ್ಚುತ್ತಾರೆ. ಮಳೆಗಾಲದಲ್ಲಿ ಸ್ಪಿರಿಟ್ ಆವಿಯಾಗಿ ಮೇಲ್ಮೈ ತಣಿದಾಗ ಗಾಳಿಯ ತೇವ ಲೇಪದೊಳಗೆ ಸಿಕ್ಕಿಕೊಂಡು, ಹಾಲು ಚೆಲ್ಲಿದಂತೆ ಬಿಳಿ ಮಸುಕು ಮೂಡುತ್ತದೆ. ಗಾಬರಿಯಿಂದ ಎಲ್ಲವನ್ನೂ ಕೆರೆಯಬೇಕಾಗಿಲ್ಲ. ಬಿಸಿಲಿನ ದಿನ ಸ್ಪಿರಿಟ್ ಸೋಕಿಸಿದ ಬಟ್ಟೆಯನ್ನು ಹಗುರವಾಗಿ ಆಡಿಸಿದರೆ ಮಸುಕು ಸಾಮಾನ್ಯವಾಗಿ ಹೋಗುತ್ತದೆ. ಬಹುಕಾಲ ಕರಗಿಸಿಟ್ಟ ಅರಗು ಮಾತ್ರ ಗಟ್ಟಿಯಾಗದೆ ಅಂಟಂಟಾಗಿಯೇ ಉಳಿಯುತ್ತದೆ. ಅದನ್ನು ತೆಗೆದುಹಾಕುವುದೊಂದೇ ದಾರಿ.

ಲೇಪವು ಮರದ ಹಿಗ್ಗು-ಕುಗ್ಗನ್ನು ನಿಧಾನಗೊಳಿಸುತ್ತದೆಯೇ ಹೊರತು ನಿಲ್ಲಿಸುವುದಿಲ್ಲ. ಕೊರಟಗೆರೆ ತಾಲ್ಲೂಕಿನ ಗೊರವನಹಳ್ಳಿಯಂತಹ ಬಯಲುಸೀಮೆಯ ಊರುಗಳಲ್ಲಿ ಮಳೆಗಾಲಕ್ಕೆ ಬಿಗಿಯಾಗುವ ಬಾಗಿಲು ಬೇಸಿಗೆಗೆ ಸಡಿಲವಾಗುವುದು ಇದರಿಂದಲೇ. ಹಲಗೆಯ ಒಂದೇ ಮುಖಕ್ಕೆ ಮೆರುಗು ಕೊಟ್ಟರೆ ಎರಡು ಮುಖಗಳು ತೇವವನ್ನು ಬೇರೆಬೇರೆ ವೇಗದಲ್ಲಿ ಹೀರಿ ಹಲಗೆ ಬಾಗುತ್ತದೆ. ಕಾಣದ ಹಿಂಭಾಗಕ್ಕೂ ಲೇಪ ಬೇಕು.

ಎಣ್ಣೆಬಟ್ಟೆಯ ಬೆಂಕಿ

ಅಗಸೆ ಎಣ್ಣೆಯು ನೀರಿನಂತೆ ಆವಿಯಾಗಿ ಒಣಗುವುದಿಲ್ಲ. ಗಾಳಿಯ ಆಮ್ಲಜನಕದೊಡನೆ ಕೂಡಿ ಗಟ್ಟಿಯಾಗುತ್ತದೆ. ಈ ಕ್ರಿಯೆಯಲ್ಲಿ ಶಾಖ ಹುಟ್ಟುತ್ತದೆ. ಹರಡಿದ ಬಟ್ಟೆಯಿಂದ ಶಾಖ ಹೊರಹೋಗುತ್ತದೆ. ಮುದ್ದೆ ಮಾಡಿ ಮೂಲೆಗೆಸೆದ ಬಟ್ಟೆಯೊಳಗೆ ಅದು ಸೇರುತ್ತಾ ಹೋಗಿ, ಕಿಡಿಯಿಲ್ಲದೆಯೇ ಕೆಲವು ಗಂಟೆಗಳಲ್ಲಿ ಬೆಂಕಿ ಹೊತ್ತಿಕೊಳ್ಳಬಹುದು. ಕೆಲಸ ಮುಗಿಸಿ ಮಲಗಿದ ಮೇಲೆ ಇದು ಸಂಭವಿಸಬಹುದಾದ್ದರಿಂದ ಇನ್ನೂ ಭಯಾನಕ. ಅಮೆರಿಕದ ಫಿಲಡೆಲ್ಫಿಯಾ ನಗರದಲ್ಲಿ 1991ರ ಫೆಬ್ರವರಿ 23ರಂದು 38 ಅಂತಸ್ತಿನ ಒನ್ ಮೆರಿಡಿಯನ್ ಪ್ಲಾಜಾ ಕಟ್ಟಡಕ್ಕೆ ಬಿದ್ದ ಬೆಂಕಿಯ ಮೂಲ, ಮರಗೆಲಸದ ಮೆರುಗಿಗೆ ಬಳಸಿದ್ದ ಅಗಸೆ ಎಣ್ಣೆಯ ಬಟ್ಟೆಗಳು. ಮೂವರು ಅಗ್ನಿಶಾಮಕ ಸಿಬ್ಬಂದಿ ಮೃತಪಟ್ಟರು.

ಬಳಸಿದ ಬಟ್ಟೆಯನ್ನು ಹೊರಗೆ ಒಂಟಿಯಾಗಿ ಹರಡಿ ಪೂರ್ತಿ ಒಣಗಿಸಬೇಕು. ಇಲ್ಲವೆ ನೀರು ತುಂಬಿದ, ಮುಚ್ಚಳವಿರುವ ಲೋಹದ ಡಬ್ಬಿಯಲ್ಲಿ ಮುಳುಗಿಸಿಡಬೇಕು. ಇದಕ್ಕೆ ಹೆದರಿ ಅಡುಗೆಮನೆಯ ಕೊಬ್ಬರಿ ಎಣ್ಣೆ, ಕಡಲೆಕಾಯಿ ಎಣ್ಣೆ ಹಚ್ಚುವುದೂ ತರವಲ್ಲ. ಅವು ಎಂದಿಗೂ ಗಟ್ಟಿಯಾಗದೆ ದೂಳು ಹಿಡಿಯುತ್ತವೆ. ಥಿನ್ನರ್, ಸ್ಪಿರಿಟ್‌ಗಳ ಅಪಾಯ ಬೇರೆ ಬಗೆಯದು: ಅವುಗಳ ಆವಿಗೆ ಉರಿಯುವ ದೀಪವೊಂದು ಸಾಕು. ಹೊಸ ದೇವರ ಮಂಟಪಕ್ಕೆ ಪಾಲಿಷ್ ಪೂರ್ತಿ ಆರಿ ವಾಸನೆ ಹೋಗುವ ಮುನ್ನ ಹಣತೆ ಹಚ್ಚಬಾರದು.

ಚನ್ನಪಟ್ಟಣದ ವಿಧಾನ

ದ್ರಾವಕವೇ ಇಲ್ಲದ ಮೆರುಗು ಕರ್ನಾಟಕದಲ್ಲಿಯೇ ಇದೆ. ಭೌಗೋಳಿಕ ಸೂಚಿ ಮಾನ್ಯತೆ ಪಡೆದ ಚನ್ನಪಟ್ಟಣದ ಗೊಂಬೆಗಳನ್ನು ಸಾಂಪ್ರದಾಯಿಕವಾಗಿ ಆಲೆ ಮರದಿಂದ ಮಾಡುತ್ತಾರೆ. ಚರಕಿಯಲ್ಲಿ ತಿರುಗುವ ಮರಕ್ಕೆ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿದಾಗ ಘರ್ಷಣೆಯ ಶಾಖಕ್ಕೆ ಅರಗು ಕರಗಿ ಹತ್ತಿಕೊಳ್ಳುತ್ತದೆ. ತಾಳೆಗರಿ ಒತ್ತಿ ಅದಕ್ಕೆ ಹೊಳಪು ತರುತ್ತಾರೆ. ತಣಿದೊಡನೆ ಲೇಪ ಸಿದ್ಧ. ಆದರೆ ಚಪ್ಪಟೆಯಾದ ಮಣೆಗೂ ಪೆಟ್ಟಿಗೆಗೂ ಈ ವಿಧಾನ ಒದಗದು.